ಕೊಂಡವನು ಒಡೆಯನೋ, ಒಕ್ಕಲೋ?

(ಚಿತ್ತಾಪುರ ತಾಲೂಕಿನ ಗುಂಡಗುರ್ತಿಯಲ್ಲಿ ಹೆತ್ತವರು, ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಸಾಫ್ಟ್‌ವೇರ್ ಕಂಪೆನಿಗಳ ವಿಚಾರವನ್ನು ಗುಂಡಗುರ್ತಿಯಲ್ಲಿ ಏಕೆ ಎತ್ತಬೇಕು, ಅದು ಬೆಂಗಳೂರು, ಹೈದರಾಬಾದಿನವರ ಚಿಂತೆಯಲ್ಲವೇ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಒಮ್ಮೆ ಯೋಚಿಸಿ ನೋಡಿ. ನಮ್ಮ ಹೊಲದ ಪಹಣಿ ಇಂದು ಶ್ಯಾನುಭೋಗರ ಕೈಬರಹದ ಪುಸ್ತಕದಲ್ಲಿಲ್ಲ. 2000ದ ದಶಕದ ಆರಂಭದಲ್ಲಿಯೇ ಅದು 'ಭೂಮಿ' ಯೋಜನೆಯ ಮೂಲಕ ಕಂಪ್ಯೂಟರಿಗೆ ಹೋಯಿತು. ಜಾತಿ-ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ವಾಡಿ ಜಂಕ್ಷನ್ನಿನಿಂದ ಹೊರಡುವ ರೈಲಿನ ಟಿಕೆಟು, ಶಹಾಬಾದಿನ ಕಲ್ಲಿನ ವ್ಯಾಪಾರಿಯ ಲೆಕ್ಕ, ಸೇಡಂ ಮಾರುಕಟ್ಟೆಯ ತೊಗರಿ ಧಾರಣೆ, ಎಲ್ಲವೂ ಯಾವುದೋ ಒಂದು ತಂತ್ರಾಂಶದ ಮೂಲಕವೇ ನಮ್ಮನ್ನು ತಲುಪುತ್ತವೆ. ಬಹುತೇಕ ಮನೆಗಳಲ್ಲಿ ಕನಿಷ್ಠ ಒಂದು ಮೊಬೈಲ್ ಫೋನ್ ಇದೆ. ಆದ್ದರಿಂದ ಇದು ಪೇಟೆಯವರ ಚಿಂತೆ ಮಾತ್ರವಲ್ಲ, ನಮ್ಮದೂ ಹೌದು.

ನಾವು ಇಂದು ಎತ್ತುವ ಪ್ರಶ್ನೆ ಒಂದೇ. ಹಣ ಕೊಟ್ಟು ಕೊಂಡ ಈ ವಸ್ತುವಿಗೆ ನಾವು ಒಡೆಯರೋ, ಅಥವಾ ಕಂಪೆನಿಯ ಹೊಲದಲ್ಲಿ ಲಾವಣಿಗೆ ದುಡಿಯುವ ಒಕ್ಕಲುಗಳೋ? ನಿಜಾಮರ ಆಳ್ವಿಕೆಯನ್ನೂ ಜಾಗೀರುಗಳ ದರ್ಬಾರನ್ನೂ ಕಂಡ ಈ ಸೀಮೆಯ ಜನರಿಗೆ ಒಡೆತನಕ್ಕೂ ಒಕ್ಕಲುತನಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮುಚ್ಚಿದ ಚೀಲ

ತೊಗರಿಯ ಮಾರುಕಟ್ಟೆಯಲ್ಲಿ ಕೊಳ್ಳುವವನು ಚೀಲವನ್ನು ಚುಚ್ಚಿ ನಾಲ್ಕು ಕಾಳು ಅಂಗೈಗೆ ತೆಗೆದುಕೊಂಡು ನೋಡುತ್ತಾನೆ. ಹುಳ ಹಿಡಿದಿದೆಯೇ, ಹಸಿ ಇದೆಯೇ ಎಂದು ಪರೀಕ್ಷಿಸಿದ ನಂತರವೇ ದರ ಹೇಳುತ್ತಾನೆ. ಇದು ಅವನ ಹಕ್ಕು ಎಂಬುದನ್ನು ಮಾರುವವನೂ ಒಪ್ಪುತ್ತಾನೆ. ಪ್ರವಾದಿ ಮುಹಮ್ಮದ್(ಸ)ರು ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಮೇಲೆ ಒಣಗಿದ್ದು ಒಳಗೆ ಒದ್ದೆಯಾಗಿದ್ದ ಕಾಳನ್ನು ಹೊರತೆಗೆದು ವ್ಯಾಪಾರಿಯನ್ನು ಪ್ರಶ್ನಿಸಿದ ಘಟನೆ ನಮಗೆಲ್ಲ ತಿಳಿದಿದೆ. ವಸ್ತುವಿನ ದೋಷವನ್ನು ಮರೆಮಾಚಿ ಮಾರುವುದು ವಂಚನೆ. ಅಳತೆ-ತೂಕದಲ್ಲಿ ಮೋಸ ಮಾಡುವವರ ಬಗ್ಗೆ ಪವಿತ್ರ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ.

ಈಗ ತಂತ್ರಾಂಶದ ಕಡೆಗೆ ನೋಡೋಣ. ಕಂಪ್ಯೂಟರಿಗೆ ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ಹೇಳುವ ಸೂಚನೆಗಳ ಸರಮಾಲೆಯೇ ತಂತ್ರಾಂಶ. ಮನುಷ್ಯರು ಓದಿ ಅರ್ಥಮಾಡಿಕೊಳ್ಳಬಹುದಾದ ರೂಪದಲ್ಲಿ ಅದನ್ನು ಮೊದಲು ಬರೆಯುತ್ತಾರೆ. ಅದಕ್ಕೆ ಮೂಲ ಆಕರ ಎನ್ನೋಣ. ಆಮೇಲೆ ಯಂತ್ರಕ್ಕೆ ಮಾತ್ರ ಅರ್ಥವಾಗುವ ರೂಪಕ್ಕೆ ಪರಿವರ್ತಿಸುತ್ತಾರೆ. ಹೆಚ್ಚಿನ ಕಂಪೆನಿಗಳು ನಮಗೆ ಕೊಡುವುದು ಈ ಎರಡನೆಯ ರೂಪವನ್ನು ಮಾತ್ರ. ಅಂದರೆ ಬಾಯಿ ಹೊಲಿದ ಚೀಲ. ಅದರೊಳಗೆ ಏನಿದೆ, ಅದು ನಮ್ಮ ಮನೆಯ ಯಾವ ಮಾಹಿತಿಯನ್ನು ಎಲ್ಲಿಗೆ ಕಳಿಸುತ್ತದೆ ಎಂದು ನೋಡುವಂತಿಲ್ಲ. ಹರಿದರೆ ಹೊಲಿಯುವಂತಿಲ್ಲ, ನೆರೆಯವನಿಗೆ ಒಂದು ಹಿಡಿ ಕೊಡುವಂತಿಲ್ಲ. ನಾವು ಓದದೆಯೇ 'ಒಪ್ಪಿದೆ' ಎಂದು ಬೆರಳೊತ್ತುವ ಉದ್ದನೆಯ ಕರಾರುಪತ್ರದಲ್ಲಿ ಇವೆಲ್ಲವೂ ಬರೆದಿರುತ್ತವೆ. ಇದನ್ನು ನಿಮಗೆ ಮಾರಿಲ್ಲ, ಬಳಸಲು ಅನುಮತಿ ಮಾತ್ರ ನೀಡಲಾಗಿದೆ ಎಂಬುದು ಅದರ ಸಾರ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. 2004ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಮತ್ತು ಆಂಧ್ರಪ್ರದೇಶ ಸರಕಾರದ ನಡುವಿನ ಮೊಕದ್ದಮೆಯಲ್ಲಿ, ಅಂಗಡಿಯಲ್ಲಿ ಸಿದ್ಧರೂಪದಲ್ಲಿ ಮಾರಾಟವಾಗುವ ತಂತ್ರಾಂಶವು 'ಸರಕು' ಎಂದೂ ಅದಕ್ಕೆ ಮಾರಾಟ ತೆರಿಗೆ ಅನ್ವಯವಾಗುತ್ತದೆ ಎಂದೂ ತೀರ್ಪು ನೀಡಿತು. ತೆರಿಗೆಯ ಪ್ರಶ್ನೆ ಬಂದಾಗ ಅದು ಅಕ್ಕಿ-ಬೇಳೆಯಂತೆ ಸರಕು. ಆದರೆ ಕೊಂಡವನು ಅದರ ಮೇಲೆ ಹಕ್ಕು ಕೇಳಿದಾಗ ಅದು ಬರೇ ಅನುಮತಿಪತ್ರ! ಸರಕೆಂದು ತೆರಿಗೆ ತೆರುವವನಿಗೆ ಸರಕು ಕೊಂಡವನ ಹಕ್ಕೂ ಸಿಗಬೇಕು ಎಂಬುದು ನಮ್ಮ ವಾದ.

ಇದು ಬರೇ ತರ್ಕದ ಮಾತಲ್ಲ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ಹಳೆಯ ಯಂತ್ರಗಳಲ್ಲಿ ಅಧಿಕೃತವಾಗಿ ಕೂರುವುದಿಲ್ಲ, ಅದಕ್ಕೆ ನಿರ್ದಿಷ್ಟ ಭದ್ರತಾ ಚಿಪ್ ಮತ್ತು ಹೊಸ ಪ್ರೊಸೆಸರ್ ಬೇಕು. ಕೂಲಿಯಿಂದಲೋ ಚಿಕ್ಕ ವ್ಯಾಪಾರದಿಂದಲೋ ಉಳಿಸಿದ ಹಣದಲ್ಲಿ ಮಗಳ ಓದಿಗೆಂದು ಏಳೆಂಟು ವರ್ಷಗಳ ಹಿಂದೆ ಕಂಪ್ಯೂಟರ್ ಕೊಂಡ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಯಂತ್ರ ಕೆಟ್ಟಿಲ್ಲ, ಪರದೆ ಬೆಳಗುತ್ತಿದೆ, ಕೀಲಿಮಣೆ ಕೆಲಸ ಮಾಡುತ್ತಿದೆ. ಆದರೂ ಅದು 'ಹಳೆಯದಾಯಿತು' ಎಂಬ ತೀರ್ಮಾನ ಸಾವಿರಾರು ಮೈಲು ದೂರದಲ್ಲಿ ಆಯಿತು. ಒಡೆಯನನ್ನು ಯಾರೂ ಕೇಳಲಿಲ್ಲ. ಕೇಳದಿರುವುದಕ್ಕೆ ಕಾರಣ, ಅವನನ್ನು ಒಡೆಯನೆಂದು ಯಾರೂ ಭಾವಿಸಿರಲಿಲ್ಲ.

ಕದ್ದ ನಕಲು ಪರಿಹಾರವಲ್ಲ

'ಕಂಪೆನಿಗಳು ಹೀಗೆ ಸುಲಿಯುತ್ತವೆ, ಆದ್ದರಿಂದ ನಾವು ಕಳ್ಳ ನಕಲನ್ನು ಹಾಕಿಸಿಕೊಂಡರೆ ತಪ್ಪೇನು?' ಎಂದು ನಮ್ಮ ಯುವಕರು ಕೇಳುತ್ತಾರೆ. ನಮ್ಮ ಪಟ್ಟಣಗಳ ಡಿಟಿಪಿ ಅಂಗಡಿಗಳಲ್ಲಿ, ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ, ಕೆಲವೊಮ್ಮೆ ಸಮುದಾಯದ ಶಾಲೆಗಳಲ್ಲಿ ಕೂಡ ಈ ರೂಢಿ ಇದೆ ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಒಬ್ಬರ ಅನ್ಯಾಯವು ಇನ್ನೊಬ್ಬರ ಅನ್ಯಾಯಕ್ಕೆ ಸಮರ್ಥನೆಯಾಗದು. ಇಸ್ಲಾಮೀ ರಾಷ್ಟ್ರಗಳ ಸಂಘಟನೆಗೆ ಸೇರಿದ ಫಿಕ್‌ಹ್ ಅಕಾಡೆಮಿಯು 1988ರಲ್ಲಿ ಕುವೈತಿನಲ್ಲಿ ನಡೆದ ಅಧಿವೇಶನದಲ್ಲಿ, ಲೇಖಕನ ಕೃತಿ ಮತ್ತು ಆವಿಷ್ಕಾರಕನ ಆವಿಷ್ಕಾರದ ಮೇಲಿನ ಹಕ್ಕುಗಳು ಶರೀಅತ್ತಿನ ದೃಷ್ಟಿಯಲ್ಲಿ ರಕ್ಷಣೆಗೆ ಅರ್ಹವೆಂದೂ ಅವುಗಳನ್ನು ಅತಿಕ್ರಮಿಸಬಾರದೆಂದೂ ನಿರ್ಣಯಿಸಿದೆ. ದೇಶದ ಕಾನೂನೂ ಸ್ಪಷ್ಟವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಕಳ್ಳ ನಕಲೆಂದು ತಿಳಿದೂ ಕಂಪ್ಯೂಟರ್ ತಂತ್ರಾಂಶವನ್ನು ಬಳಸುವವರಿಗೆ 7 ದಿನಗಳಿಂದ 3 ವರ್ಷಗಳ ವರೆಗೆ ಸೆರೆವಾಸ ಹಾಗೂ 50 ಸಾವಿರದಿಂದ 2 ಲಕ್ಷ ರೂಪಾಯಿ ವರೆಗೆ ದಂಡ ವಿಧಿಸಬಹುದು. ವ್ಯಾಪಾರಕ್ಕಲ್ಲದ ಬಳಕೆಯಾದರೆ ಸೆರೆವಾಸವನ್ನು ಬಿಟ್ಟು 50 ಸಾವಿರದ ವರೆಗಿನ ದಂಡಕ್ಕೆ ನಿಲ್ಲಿಸುವ ಅಧಿಕಾರ ನ್ಯಾಯಾಲಯಕ್ಕಿದೆ.

ಅದೇ ಕಾಯ್ದೆಯು ಕೊಂಡವನಿಗೆ ಕೊಟ್ಟಿರುವ ಹಕ್ಕುಗಳನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದರ 52ನೇ ಕಲಮಿನಂತೆ, ನ್ಯಾಯಬದ್ಧವಾಗಿ ಕೊಂಡವನು ನಷ್ಟವಾಗದಂತೆ ಮೀಸಲು ಪ್ರತಿ ಮಾಡಿಟ್ಟುಕೊಳ್ಳಬಹುದು. ಅದು ಹೇಗೆ ಕೆಲಸ ಮಾಡುತ್ತದೆಂದು ಗಮನಿಸಬಹುದು, ಅಧ್ಯಯನ ಮಾಡಬಹುದು, ಪರೀಕ್ಷಿಸಬಹುದು. ಸಂಸತ್ತು ಕೊಟ್ಟ ಹಕ್ಕು ಇದು. ಕಂಪೆನಿಯ ಕರಾರುಪತ್ರವನ್ನು ಓದಿದವರಿಗೆ ಇಂತಹ ಹಕ್ಕೊಂದು ಇದೆ ಎಂಬ ಸುಳಿವೇ ಸಿಗುವುದಿಲ್ಲ.

ಕಳ್ಳ ನಕಲಿನ ಬಗ್ಗೆ ಇನ್ನೊಂದು ಮಾತು. ಅದರಿಂದ ಕಂಪೆನಿಗೆ ನಷ್ಟವಾಗುವುದಕ್ಕಿಂತ ನಮಗಾಗುವ ನಷ್ಟವೇ ದೊಡ್ಡದು. ಬಾಲ್ಯದಿಂದ ಒಂದೇ ಕಂಪೆನಿಯ ತಂತ್ರಾಂಶದಲ್ಲಿ ಬೆರಳು ಪಳಗಿಸಿಕೊಂಡ ಹುಡುಗನು ನಾಳೆ ಅಂಗಡಿ ತೆರೆದಾಗ ಅದನ್ನೇ ಬಯಸುತ್ತಾನೆ. ಆಗ ಬಿಲ್ ಬರುತ್ತದೆ. ಇಂದು ಪುಕ್ಕಟೆಯಾಗಿ ಸಿಕ್ಕಿದ್ದು ನಾಳೆಯ ಗಿರಾಕಿಯನ್ನು ಕಟ್ಟಿಹಾಕುವ ಹಗ್ಗವಾಗುತ್ತದೆ. ಜೊತೆಗೆ, ಕದ್ದ ನಕಲಿಗೆ ಭದ್ರತೆಯಿಲ್ಲ. ಅದರ ಬೆನ್ನೇರಿ ಬಂದ ವೈರಸ್ ಬ್ಯಾಂಕ್ ಖಾತೆಯ ಗುಟ್ಟನ್ನು ಹೊತ್ತೊಯ್ದರೆ ದೂರು ಕೊಡಲು ಬಾಯಿಯೂ ಇರುವುದಿಲ್ಲ.

ಮೂರನೆಯ ದಾರಿ

ಹಾಗಾದರೆ ಗುಲಾಮಗಿರಿ ಅಥವಾ ಕಳ್ಳತನ, ಇವೆರಡೇ ದಾರಿಗಳೇ? ಅಲ್ಲ. ಮೂರನೆಯ ದಾರಿಯೊಂದನ್ನು ಮನುಷ್ಯರು ದುಡಿದು ನಿರ್ಮಿಸಿದ್ದಾರೆ.

ಅಮೆರಿಕದ ಎಂಐಟಿ ಸಂಸ್ಥೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ತಂತ್ರಜ್ಞರಿದ್ದರು. 1980ರ ಸುಮಾರಿಗೆ ಆ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪೆನಿಯ ಒಂದು ಮುದ್ರಣಯಂತ್ರ ಬಂತು. ಅದರಲ್ಲಿ ಕಾಗದ ಪದೇಪದೇ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಯಂತ್ರದ ತಂತ್ರಾಂಶಕ್ಕೆ ಅವರು ಸಣ್ಣ ತಿದ್ದುಪಡಿ ಮಾಡಿ, ಕಾಗದ ಸಿಕ್ಕಿದೊಡನೆ ಬಳಕೆದಾರರಿಗೆ ಸುದ್ದಿ ಮುಟ್ಟುವಂತೆ ಮಾಡಿದ್ದರು. ಹೊಸದರ ಮೂಲ ಆಕರವನ್ನು ಕೇಳಿದಾಗ, ಅದನ್ನು ಹೊಂದಿದ್ದ ವ್ಯಕ್ತಿ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದು ನಿರಾಕರಿಸಿದರು. ರಿಪೇರಿ ಬಲ್ಲವನು ಎದುರಿಗಿದ್ದಾನೆ, ಕೆಟ್ಟ ಯಂತ್ರವೂ ಎದುರಿಗಿದೆ, ಆದರೆ ರಿಪೇರಿಗೆ ಅನುಮತಿಯಿಲ್ಲ! ಇಂತಹ ಅನುಭವಗಳಿಂದ ರೋಸಿದ ಸ್ಟಾಲ್‌ಮನ್ 1983ರ ಸೆಪ್ಟೆಂಬರಿನಲ್ಲಿ 'ಗ್ನೂ' ಎಂಬ ಯೋಜನೆಯನ್ನು ಘೋಷಿಸಿದರು. ತಂತ್ರಾಂಶವನ್ನು ಯಾವ ಉದ್ದೇಶಕ್ಕೂ ಬಳಸುವ, ಅದರ ಒಳಗನ್ನು ಓದಿ ಬದಲಿಸುವ, ನಕಲನ್ನು ನೆರೆಯವರಿಗೆ ಹಂಚುವ, ತಾನು ಸುಧಾರಿಸಿದ್ದನ್ನು ಸಮಾಜಕ್ಕೆ ಮರಳಿಸುವ ನಾಲ್ಕು ಸ್ವಾತಂತ್ರ್ಯಗಳು ಬಳಕೆದಾರನಿಗೆ ಇರಬೇಕೆಂಬುದು ಅದರ ತಳಹದಿ. 1989ರಲ್ಲಿ ಅವರು ರೂಪಿಸಿದ ಸಾರ್ವಜನಿಕ ಪರವಾನಗಿಯು ಕೃತಿಸ್ವಾಮ್ಯದ ಕಾನೂನನ್ನೇ ಬಳಸಿಕೊಂಡು ಈ ಸ್ವಾತಂತ್ರ್ಯವನ್ನು ಕಾಯುತ್ತದೆ. ನೀನು ಪಡೆದ ಹಕ್ಕನ್ನು ಮುಂದಿನವನಿಗೂ ಕೊಡು ಎಂಬುದೇ ಅದರ ಷರತ್ತು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 'ಲಿನಕ್ಸ್' ತಿರುಳನ್ನು ಬರೆದಾಗ ಈ ಕಟ್ಟಡ ಪೂರ್ಣವಾಯಿತು. ಸಾರ್ವಜನಿಕ ಬಾವಿಯೊಂದನ್ನು ತೋಡಿ ವಕ್ಫ್ ಮಾಡಿದಂತೆ ಎಂದು ನಮ್ಮವರಿಗೆ ಹೇಳಿದರೆ ಬೇಗ ಅರ್ಥವಾದೀತು. ನೀರು ಎಲ್ಲರಿಗೂ ಸಿಗುತ್ತದೆ, ಯಾರೂ ಅದಕ್ಕೆ ಬೀಗ ಹಾಕುವಂತಿಲ್ಲ.

ಇದು ಬಡವರ ಪಾಲಿನ ಕಳಪೆ ಮಾಲು ಎಂದು ತಿಳಿಯಬೇಡಿ. 2017ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿವೇಗದ 500 ಕಂಪ್ಯೂಟರುಗಳ ಪಟ್ಟಿಯಲ್ಲಿರುವುದೆಲ್ಲವೂ ಲಿನಕ್ಸಿನಿಂದಲೇ ನಡೆಯುತ್ತವೆ. ಮುಚ್ಚಿದ ಚೀಲ ಮಾರುವ ದೊಡ್ಡ ಕಂಪೆನಿಗಳು ಕೂಡ ತಮ್ಮ ಸರ್ವರುಗಳಿಗೆ ಈ ಬಾವಿಯ ನೀರನ್ನೇ ಸೇದುತ್ತವೆ.

ಕನ್ನಡ, ಉರ್ದು ಅಕ್ಷರಗಳು ಕಲಿಸಿದ ಪಾಠ

ಮುಚ್ಚಿದ ತಂತ್ರಾಂಶದಿಂದ ಒಂದು ಭಾಷೆಗೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕಂಪ್ಯೂಟರಿಗೆ ಕನ್ನಡ ಬಂದ ಕಾಲದಲ್ಲಿ ಒಂದೊಂದು ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಸಂಕೇತಗಳನ್ನು ಕೊಟ್ಟಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಸರಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಪತ್ರಿಕೆಗಳು ಬೇರೆ ಬೇರೆ ಕಂಪೆನಿಗಳ ಅಕ್ಷರಗಳನ್ನು ಬಳಸಿದವು. ಇವರೆಲ್ಲ ಕನ್ನಡಕ್ಕೆ ಸಲ್ಲಿಸಿದ ಸೇವೆಯನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಒಂದರಲ್ಲಿ ಟೈಪು ಮಾಡಿದ ಅರ್ಜಿ ಇನ್ನೊಂದು ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಾರ್ವತ್ರಿಕ ಸಂಕೇತ ಕೊಡುವ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇತ್ತು. ಆದರೂ ನಮ್ಮ ಕಚೇರಿಗಳು ಅದಕ್ಕೆ ಹೊರಳಲು ಬಹಳ ವರ್ಷ ಹಿಡಿಯಿತು. ಅಷ್ಟರಲ್ಲಿ ಹಳೆಯ ಸಂಕೇತಗಳಲ್ಲಿ ರಾಶಿ ರಾಶಿ ಕಡತಗಳು ತುಂಬಿದ್ದವು.

ಉರ್ದುವಿನ ಕಥೆಯೂ ಇದೇ. 1994ರಲ್ಲಿ ದೆಹಲಿಯ ಕಂಪೆನಿಯೊಂದು ಹೊರತಂದ 'ಇನ್‌ಪೇಜ್' ತಂತ್ರಾಂಶವು ನಸ್ತಾಲೀಕ್ ಬರಹವನ್ನು ಕಾತಿಬರ ಲೇಖನಿಯಿಂದ ಕಂಪ್ಯೂಟರಿನ ಪರದೆಗೆ ತಂದು ಉರ್ದು ಪತ್ರಿಕೋದ್ಯಮಕ್ಕೆ ದೊಡ್ಡ ಉಪಕಾರ ಮಾಡಿತು. ಆದರೆ ಅದರ ಹಳೆಯ ಕಡತಗಳು ಅದರೊಳಗೇ ಬಂದಿಯಾದವು. ಮದ್ರಸಾದ ಪಠ್ಯವನ್ನೋ ಹಿರಿಯರ ಕವನ ಸಂಕಲನವನ್ನೋ ಅದರಲ್ಲಿ ಟೈಪು ಮಾಡಿಟ್ಟವರು ಇಂದು ಅದನ್ನು ಮೊಬೈಲಿನಲ್ಲಿ ಓದಬೇಕೆಂದರೆ ಮೊದಲು ಪರಿವರ್ತಕ ತಂತ್ರಾಂಶವನ್ನು ಹುಡುಕಬೇಕು. ಬರೆದವರು ನಾವು, ಬರಹ ನಮ್ಮದು, ಆದರೆ ಪೆಟ್ಟಿಗೆಯ ಬೀಗದ ಕೈ ಬೇರೆಯವರಲ್ಲಿ. ಈಗ ಯೂನಿಕೋಡಿಗೆ ಒಪ್ಪುವ ಮುಕ್ತ ನಸ್ತಾಲೀಕ್ ಅಕ್ಷರಗಳಿವೆ. 2014ರಲ್ಲಿ ಗೂಗಲ್ ಹೊರತಂದ 'ನೋಟೋ ನಸ್ತಾಲೀಕ್' ಅವುಗಳಲ್ಲಿ ಒಂದು. ಕಂಪೆನಿಗಳು ಒಳ್ಳೆಯ ಕೆಲಸ ಮಾಡಿದಾಗ ಅದನ್ನು ಒಳ್ಳೆಯದೆಂದು ಹೇಳಲು ನಮಗೆ ಸಂಕೋಚವಿಲ್ಲ.

ಮೂವರು ಬಳಕೆದಾರರು ಮತ್ತು ಒಂದು ದೈತ್ಯ ಕಂಪೆನಿ

ಆದರೆ ಅದೇ ಕಂಪೆನಿಯ ಇನ್ನೊಂದು ಮುಖವನ್ನೂ ನೋಡಬೇಕು. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸ್, ಅಂದರೆ ಮುಕ್ತ ತಂತ್ರಾಂಶ. ಆದರೆ ಅದರ ಮೇಲೆ ಗೂಗಲ್ ತನ್ನ ಬೇಲಿ ಹಾಕಿತು. ಆ್ಯಪ್‌ಗಳ ಅಂಗಡಿಯಾದ ಪ್ಲೇ ಸ್ಟೋರ್ ಬೇಕೆನ್ನುವ ಫೋನ್ ತಯಾರಕರು ತನ್ನ ಇತರ ಆ್ಯಪ್‌ಗಳನ್ನೂ ಮೊದಲೇ ತುಂಬಿ ಕೊಡಬೇಕೆಂದು ಷರತ್ತು ವಿಧಿಸಿತು. 2018ರಲ್ಲಿ ಉಮರ್ ಜಾವೀದ್ ಮತ್ತು ಇನ್ನಿಬ್ಬರು ಆಂಡ್ರಾಯ್ಡ್ ಬಳಕೆದಾರರು ಇದರ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರಿತ್ತರು. ಅವರು ಯಾವ ಉದ್ಯಮಪತಿಗಳೂ ಆಗಿರಲಿಲ್ಲ, ಕಾನೂನಿನ ಕ್ಷೇತ್ರದ ಯುವಜನರಾಗಿದ್ದರು. 2022ರ ಅಕ್ಟೋಬರಿನಲ್ಲಿ ಆಯೋಗವು ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಆಯೋಗದ ಕೆಲವು ನಿರ್ದೇಶನಗಳನ್ನು ರದ್ದುಪಡಿಸಿದರೂ ದಂಡವನ್ನು ಎತ್ತಿಹಿಡಿಯಿತು. ಪ್ರಕರಣ ಮುಂದೆ ಸುಪ್ರೀಂ ಕೋರ್ಟಿಗೂ ಹೋಯಿತು. ಇದರ ನಡುವೆ, 2023ರ ಜನವರಿಯಲ್ಲಿಯೇ, ತಯಾರಕರು ಬೇಕಾದ ಆ್ಯಪ್‌ಗಳನ್ನು ಬಿಡಿಬಿಡಿಯಾಗಿ ಪಡೆಯಬಹುದು ಮತ್ತು ಬಳಕೆದಾರರು ಶೋಧಕವನ್ನು ತಾವೇ ಆರಿಸಿಕೊಳ್ಳಬಹುದು ಎಂದು ಕಂಪೆನಿ ಭಾರತದಲ್ಲಿ ಪ್ರಕಟಿಸಬೇಕಾಯಿತು.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಮುಕ್ತ ಆಕರ ಎಂಬ ಹೆಸರೊಂದೇ ಸಾಲದು, ಅದರ ಮೇಲೆ ಯಾರು ಬೇಲಿ ಹಾಕುತ್ತಿದ್ದಾರೆ ಎಂಬ ಎಚ್ಚರವೂ ಇರಬೇಕು. ಮತ್ತು 'ಅಷ್ಟು ದೊಡ್ಡ ಕಂಪೆನಿಯ ಎದುರು ನಾವೇನು ಮಾಡಲಾದೀತು?' ಎಂಬ ನಿರಾಶೆಗೆ ಆಧಾರವಿಲ್ಲ. ನಮ್ಮ ಸಮುದಾಯದಲ್ಲಿ ಕಾನೂನು ಓದುವ ಮಕ್ಕಳನ್ನು 'ಇಂಜಿನಿಯರಿಂಗ್ ಸೀಟು ಸಿಗಲಿಲ್ಲವೇ?' ಎಂದು ಕೇಳುವವರು ಈ ಮೂವರನ್ನು ನೆನೆಯಬೇಕು.

ಇನ್ನೊಂದು ಘಟನೆ ನಮ್ಮ ರಾಜಕಾರಣಕ್ಕೂ ಸಂಬಂಧಿಸಿದ್ದು. ನಮ್ಮ ಪೇಟೆಂಟ್ ಕಾಯ್ದೆಯಲ್ಲಿ ಕಂಪ್ಯೂಟರ್ ತಂತ್ರಾಂಶಕ್ಕೆ ತಂತ್ರಾಂಶವೆಂಬ ಕಾರಣದಿಂದಲೇ ಪೇಟೆಂಟ್ ಇಲ್ಲ. 2004ರ ಕೊನೆಯಲ್ಲಿ ಸುಗ್ರೀವಾಜ್ಞೆಯೊಂದರ ಮೂಲಕ ಈ ತಡೆಯನ್ನು ಸಡಿಲಿಸಲಾಯಿತು. ವಿರೋಧ ಎದ್ದಿತು. 2005ರಲ್ಲಿ ಸಂಸತ್ತು ಆ ಸಡಿಲಿಕೆಯನ್ನು ಕೈಬಿಟ್ಟು ಹಳೆಯ ತಡೆಯನ್ನೇ ಉಳಿಸಿತು. ಜನ ಮಾತನಾಡಿದರೆ ಕಾನೂನು ಕೇಳುತ್ತದೆ.

ಮಕ್ಕಳ ಓದಿನ ಹೆಸರಿನಲ್ಲಿ

ತಾಯಂದಿರು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮಕ್ಕಳ ಓದಿನ ಬಗ್ಗೆ ನಮಗಿರುವ ಆಸೆಯೇ ಇಂದು ತಂತ್ರಾಂಶ ವ್ಯಾಪಾರದ ದೊಡ್ಡ ಬಂಡವಾಳವಾಗಿದೆ. ಬೆಂಗಳೂರಿನ ಬೈಜೂಸ್ ಕಂಪೆನಿ ಒಂದು ಕಾಲಕ್ಕೆ ದೇಶದ ಹೆಮ್ಮೆಯೆನಿಸಿತ್ತು. ಪಾಠಗಳನ್ನು ಸಾಲದ ಕಂತುಗಳ ಮೂಲಕ ಬಡ ಹೆತ್ತವರ ಮೇಲೆ ಹೇರಿ ಮಾರಲಾಗುತ್ತಿದೆ ಎಂಬ ಆರೋಪಗಳು ಬಂದಾಗ, 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಅದರ ಮುಖ್ಯಸ್ಥರಿಗೆ ಸಮನ್ಸ್ ಕಳಿಸಿತು. ಕಂಪೆನಿ ಆರೋಪಗಳನ್ನು ಅಲ್ಲಗಳೆಯಿತು. 2023ರಲ್ಲಿ ಇಂದೋರಿನ ಜಿಲ್ಲಾ ಗ್ರಾಹಕ ಆಯೋಗವು ಒಬ್ಬ ವಿದ್ಯಾರ್ಥಿನಿಗೆ ಆಕೆ ಕಟ್ಟಿದ ಶುಲ್ಕವನ್ನು ಬಡ್ಡಿ ಸಹಿತ ಹಿಂದಿರುಗಿಸುವಂತೆ ಆದೇಶಿಸಿತು. ಜಾಹೀರಾತಿನಲ್ಲಿ ಕಾಣಿಸಿಕೊಂಡ ಖ್ಯಾತ ಚಿತ್ರನಟನನ್ನೂ ಅದಕ್ಕೆ ಹೊಣೆಯಾಗಿಸಿತು. 2024ರ ಜುಲೈಯಲ್ಲಿ ಆ ಕಂಪೆನಿಯ ವಿರುದ್ಧ ಬೆಂಗಳೂರಿನ ನ್ಯಾಯಮಂಡಳಿಯಲ್ಲಿ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಮುಂಗಡ ಹಣ ಕಟ್ಟಿದ ಹೆತ್ತವರ ಸ್ಥಿತಿಯನ್ನು ಯೋಚಿಸಿ. ಹೊಳೆಯುವ ಪರದೆಯನ್ನೋ ನಟನ ಮುಖವನ್ನೋ ನೋಡಿ ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲು ಒಂದು ರಾತ್ರಿ ನಿದ್ದೆ ಮಾಡಿ ಎದ್ದು ಯೋಚಿಸುವುದು ಒಳಿತು.

ಇಲ್ಲಿ ಗ್ರಾಹಕನ ಕೈಯಲ್ಲಿರುವ ಕಾನೂನನ್ನು ತಿಳಿದಿರಬೇಕು. 1986ರ ಹಳೆಯ ಕಾಯ್ದೆಯ ಸ್ಥಾನದಲ್ಲಿ 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದಿದ್ದು, 2020ರ ಜುಲೈಯಿಂದ ಜಾರಿಯಲ್ಲಿದೆ. ಕಂಪೆನಿಯ ಕಚೇರಿ ಬೆಂಗಳೂರಿನಲ್ಲಿರಲಿ, ಮುಂಬೈಯಲ್ಲಿರಲಿ, ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ, ಅಂದರೆ ನಾವು ಕಲಬುರಗಿಯ ಜಿಲ್ಲಾ ಆಯೋಗದಲ್ಲಿಯೇ, ದೂರು ದಾಖಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ವರೆಗಿದ್ದರೆ ಶುಲ್ಕವಿಲ್ಲ. ವಕೀಲರನ್ನಿಡುವುದು ಕಡ್ಡಾಯವಲ್ಲ. ತೊಂದರೆಯಾದ ದಿನದಿಂದ 2 ವರ್ಷಗಳೊಳಗೆ ದೂರು ಕೊಡಬೇಕು. ಬಿಲ್ ಕೊಡದಿರುವುದು ಈ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಏಕಪಕ್ಷೀಯವಾದ ಅನ್ಯಾಯದ ಕರಾರುಗಳನ್ನು ರಾಜ್ಯ ಆಯೋಗದ ಮುಂದೆ ಪ್ರಶ್ನಿಸಲು ಅದರಲ್ಲಿ ಅವಕಾಶವಿದೆ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ಕೇಳದೆಯೇ ಸರಕನ್ನು ಬುಟ್ಟಿಗೆ ಸೇರಿಸುವುದು, ಸೇರುವುದು ಸುಲಭ ಬಿಡುವುದು ಕಷ್ಟವೆಂಬಂತೆ ಚಂದಾದಾರಿಕೆಯ ಬಲೆ ಹೆಣೆಯುವುದು, 'ಇನ್ನು ಐದೇ ನಿಮಿಷ' ಎಂದು ಸುಳ್ಳು ಅವಸರ ಹುಟ್ಟಿಸುವುದು ಮೊದಲಾದ 13 ಬಗೆಯ ವಂಚಕ ವಿನ್ಯಾಸಗಳನ್ನು 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ನಿಷೇಧಿಸಿದೆ. ಇವೆಲ್ಲ ಕಾಗದದ ಮೇಲಿವೆ. ಬಳಸುವವರು ಬೇಕು.

ನಮ್ಮ ಖಾಸಗಿತನದ ಹಕ್ಕೂ ಹೀಗೆಯೇ ಬಂದದ್ದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಮನೆಯೊಳಗಿನ ಮರ್ಯಾದೆಗೆ ಅಷ್ಟೊಂದು ಬೆಲೆ ಕೊಡುವ ನಾವು, ಟಾರ್ಚ್ ಬೆಳಗಿಸುವ ಒಂದು ಆ್ಯಪ್ ಮನೆಯವರ ಫೋಟೋ ಮತ್ತು ಫೋನ್ ನಂಬರುಗಳನ್ನೇಕೆ ಕೇಳುತ್ತದೆ ಎಂದು ಯೋಚಿಸದೆ ಅನುಮತಿ ಒತ್ತಿಬಿಡುತ್ತೇವೆ.

ಒಂದು ನ್ಯಾಯವಾದ ಆಕ್ಷೇಪ

'ಕೆಲಸ ಸಿಗುವುದು ವಿಂಡೋಸ್ ಬಲ್ಲವರಿಗೆ, ಲೆಕ್ಕ ಬರೆಯುವುದು ಟ್ಯಾಲಿಯಲ್ಲಿ. ನಮ್ಮ ಮಕ್ಕಳನ್ನು ಬೇರೆ ದಾರಿಗೆ ಹಚ್ಚಿ ಹಿಂದುಳಿಸಬೇಕೇ?' ಎಂದು ಹೆತ್ತವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಸಾಫ್ಟ್‌ವೇರ್ ಕಂಪೆನಿಗಳು ನಮ್ಮ ಶತ್ರುಗಳೆಂದು ನಾವು ಹೇಳುತ್ತಿಲ್ಲ. ಬೆಂಗಳೂರಿನ ಇನ್ಫೋಸಿಸ್, ವಿಪ್ರೋದಂತಹ ಕಂಪೆನಿಗಳಲ್ಲಿ ನಮ್ಮ ಮಕ್ಕಳು ಸೇರಬೇಕು, ಸೇರಲಿ. ಟ್ಯಾಲಿಗೆ ಬದಲಿ ಇಲ್ಲವೆನಿಸುವ ವ್ಯಾಪಾರಿ ಅದನ್ನು ಬಿಲ್ ಸಹಿತ ಕೊಳ್ಳಲಿ. ದುಡಿದವನಿಗೆ ಕೂಲಿ ಸಲ್ಲಲೇಬೇಕು. ನಮ್ಮ ತಕರಾರು ಬೆಲೆಯ ಬಗ್ಗೆ ಅಲ್ಲ, ಬೀಗದ ಬಗ್ಗೆ.

ಮುಕ್ತ ತಂತ್ರಾಂಶ ಕಲಿತವರು ಹಿಂದುಳಿಯುತ್ತಾರೆಂಬ ಭಯಕ್ಕೆ ನೆರೆಯ ಕೇರಳವೇ ಉತ್ತರ. ಅಲ್ಲಿ 2001ರಲ್ಲಿ ಆರಂಭವಾದ 'ಐಟಿ ಅಟ್ ಸ್ಕೂಲ್' ಯೋಜನೆ 2017ರಲ್ಲಿ 'ಕೈಟ್' ಎಂಬ ಸರಕಾರಿ ಕಂಪೆನಿಯಾಯಿತು. ಸರಕಾರಿ ಶಾಲೆಗಳಲ್ಲಿ ಮಕ್ಕಳು ಲಿನಕ್ಸಿನಲ್ಲಿಯೇ ಕಲಿಯುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿ ಸೇರಿದ್ದಾರೆ. ಬೆಂಗಳೂರಿನಲ್ಲಿಯೂ ಕೊಳೆಗೇರಿಯೊಂದರ ಮಕ್ಕಳಿಗಾಗಿ ಮುಕ್ತ ತಂತ್ರಾಂಶದ ಸ್ವಯಂಸೇವಕರು 'ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರ'ವನ್ನು ಕಟ್ಟಿದರು. ದೊಡ್ಡವರು ಬಿಸಾಡಿದ ಯಂತ್ರಗಳಲ್ಲಿ ಕೂಲಿಕಾರರ ಮಕ್ಕಳು ಚಿತ್ರ ಬಿಡಿಸಲು, ಲೆಕ್ಕ ಮಾಡಲು ಕಲಿತರು. ಕಂಪ್ಯೂಟರಿನ ತತ್ವ ತಿಳಿದವನು ಯಾವ ಕಂಪೆನಿಯ ತಂತ್ರಾಂಶವನ್ನಾದರೂ ವಾರದಲ್ಲಿ ಕಲಿಯುತ್ತಾನೆ. ಒಂದು ಕಂಪೆನಿಯ ಗುಂಡಿಗಳನ್ನು ಮಾತ್ರ ಬಾಯಿಪಾಠ ಮಾಡಿದವನು ಗುಂಡಿಗಳ ಜಾಗ ಬದಲಾದಾಗ ದಿಕ್ಕುಗೆಡುತ್ತಾನೆ.

ನಾವು ಮಾಡಬೇಕಾದದ್ದು

ಮಾತು ಕಾರ್ಯಕ್ಕೆ ಇಳಿಯದಿದ್ದರೆ ಈ ಸಭೆಯಿಂದ ಪ್ರಯೋಜನವಿಲ್ಲ. ಆದ್ದರಿಂದ ಕೆಲವು ಸಲಹೆಗಳನ್ನು ನಿಮ್ಮ ಮುಂದಿಡುತ್ತೇವೆ.

ಒಂದು, ಕಂಪ್ಯೂಟರ್ ಕೊಳ್ಳುವಾಗ ಅದರಲ್ಲಿ ಯಾವ ತಂತ್ರಾಂಶ ಹಾಕಿದ್ದೀರಿ, ಅದಕ್ಕೆ ಪರವಾನಗಿ ಇದೆಯೇ ಎಂದು ಅಂಗಡಿಯವರನ್ನು ಕೇಳಿರಿ. ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿರಿ.

ಎರಡು, ವಿಂಡೋಸ್ 10ರ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸ್ ಹಾಕಿಸಿ ನೋಡಿರಿ. ಪತ್ರ, ಲೆಕ್ಕಗಳಿಗೆ ಲಿಬ್ರೆ ಆಫೀಸ್ ಇದೆ. ಕನ್ನಡ, ಉರ್ದು ಎರಡೂ ಅದರಲ್ಲಿ ಬರೆಯಬಹುದು. ಕಾಲೇಜಿಗೆ ಹೋಗುವ ನಮ್ಮ ಯುವಕರು ರಜೆಯ ಒಂದು ದಿನವನ್ನು ಇಂತಹ ಸೇವೆಗೆ ಮೀಸಲಿಟ್ಟರೆ ಹತ್ತಾರು ಮನೆಗಳ ಹಣ ಉಳಿದೀತು.

ಮೂರು, ಸಮುದಾಯದ ಶಾಲೆ, ಮದ್ರಸಾ ಮತ್ತು ಮಸೀದಿ ಸಮಿತಿಗಳು ತಮ್ಮ ಯಂತ್ರಗಳಿಂದ ಕಳ್ಳ ನಕಲುಗಳನ್ನು ತೆಗೆಯಲಿ. ಪ್ರಾಮಾಣಿಕತೆಯ ಪಾಠ ಹೇಳುವ ಸಂಸ್ಥೆಯ ಹಾಜರಿ ಪಟ್ಟಿ ಕದ್ದ ತಂತ್ರಾಂಶದಲ್ಲಿ ತಯಾರಾಗಬಾರದು. ಹಳೆಯ ಇನ್‌ಪೇಜ್, ನುಡಿ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ ಇಡಲಿ.

ನಾಲ್ಕು, ಪಂಚಾಯತಿಯಲ್ಲಿ, ಶಾಲಾಭಿವೃದ್ಧಿ ಸಮಿತಿಯಲ್ಲಿ ಪ್ರಶ್ನೆ ಎತ್ತಿರಿ. ಸರಕಾರದ ಕೆಲಸಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಎಂಬ ನೀತಿಯನ್ನು ಕೇಂದ್ರ ಸರಕಾರ 2015ರಲ್ಲಿಯೇ ಪ್ರಕಟಿಸಿದೆ. ನಮ್ಮ ತೆರಿಗೆಯಿಂದ ಕೊಳ್ಳುವ ತಂತ್ರಾಂಶದ ಬೀಗದ ಕೈ ಯಾರಲ್ಲಿದೆ ಎಂದು ಕೇಳುವುದು ಪ್ರಜೆಯ ಹಕ್ಕು.

ಐದು, ಮೋಸ ಹೋದವರು ನಾಚಿಕೆಯಿಂದ ಸುಮ್ಮನಿರಬೇಡಿ. ಬಿಲ್, ಸಂದೇಶ, ಕರಾರು ಎಲ್ಲವನ್ನೂ ಜೋಪಾನ ಮಾಡಿ ದೂರು ಕೊಡಿರಿ. ಒಬ್ಬರ ದೂರು ನೂರು ಜನರನ್ನು ಕಾಪಾಡುತ್ತದೆ.

ಸಹೋದರ ಸಹೋದರಿಯರೇ, ತಂತ್ರಜ್ಞಾನ ದೇವನ ಅನುಗ್ರಹಗಳಲ್ಲಿ ಒಂದು. ಅದನ್ನು ಕೆಲವೇ ಕಂಪೆನಿಗಳ ಜಾಗೀರಾಗಲು ಬಿಡುವುದೂ ತಪ್ಪು, ಕದ್ದು ಅನುಭವಿಸುವುದೂ ತಪ್ಪು. ಬೆಲೆ ಕೊಡಬೇಕಾದಲ್ಲಿ ಕೊಟ್ಟು, ಹಕ್ಕು ಕೇಳಬೇಕಾದಲ್ಲಿ ಕೇಳಿ, ಹಂಚಿಕೊಳ್ಳಬಹುದಾದದ್ದನ್ನು ಹಂಚಿಕೊಂಡು ಬದುಕುವುದೇ ಸರಿಯಾದ ದಾರಿ. ಸಭೆ ಮುಗಿದ ಮೇಲೆ ಲಿನಕ್ಸ್ ಹಾಕಿಸಬೇಕೆನ್ನುವವರು ಮತ್ತು ಹಾಕಿಕೊಡಬಲ್ಲ ವಿದ್ಯಾರ್ಥಿಗಳು ಇಲ್ಲಿಯೇ ಉಳಿದು ಹೆಸರು ಬರೆಸಬೇಕೆಂದು ವಿನಂತಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.